ಮಹಾ ವಲಸೆ: ಅಮೆರಿಕದ ಕಪ್ಪು ಜನರು ದಕ್ಷಿಣ ಬಿಟ್ಟ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳಲ್ಲಿದ್ದ ಕಪ್ಪು ಜನರು ಸುಮಾರು 1910ರಿಂದ 1970ರವರೆಗೆ ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೋಗಿ ನೆಲೆಸಿದ್ದನ್ನು ಚರಿತ್ರೆಕಾರರು ಮಹಾ ವಲಸೆ ಎನ್ನುತ್ತಾರೆ. ಈ ಅವಧಿಯಲ್ಲಿ ಊರು ಬಿಟ್ಟವರು ಸುಮಾರು 60 ಲಕ್ಷ. 1910ರಲ್ಲಿ ದೇಶದ ಕಪ್ಪು ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ದಕ್ಷಿಣದಲ್ಲಿದ್ದರು. 1970ರ ಹೊತ್ತಿಗೆ ಅಲ್ಲಿ ಉಳಿದವರು ಅರ್ಧಕ್ಕಿಂತ ತುಸು ಹೆಚ್ಚು. ಇದಕ್ಕೆ ಒಬ್ಬ ನಾಯಕನಿರಲಿಲ್ಲ, ಒಂದು ಪಕ್ಷವಿರಲಿಲ್ಲ. ಒಂದೊಂದು ಮನೆಯವರೂ ತಮ್ಮಷ್ಟಕ್ಕೆ ತೀರ್ಮಾನ ಮಾಡಿ ಹೊರಟರು. ಆದರೂ ಇಪ್ಪತ್ತನೆಯ ಶತಮಾನದ ಅಮೆರಿಕದ ರಾಜಕೀಯ, ಸಂಗೀತ, ಸಾಹಿತ್ಯ ಯಾವುದನ್ನು ಹಿಡಿದು ಹೊರಟರೂ ದಾರಿ ಈ ವಲಸೆಯನ್ನು ಮುಟ್ಟಿಯೇ ಹೋಗುತ್ತದೆ.

ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರಿಗೆ ಭೂಮಿ ಮಾತ್ರ ಸಿಗಲಿಲ್ಲ. ಹೆಚ್ಚಿನವರು ಹಳೆಯ ಧಣಿಗಳ ಹೊಲದಲ್ಲೇ ಪಾಲಿಗೆ ಹತ್ತಿ ಬೆಳೆದರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವೂ ಧಣಿಯ ಅಂಗಡಿಯಿಂದ ಸಾಲವಾಗಿ ಬರುತ್ತಿತ್ತು. ವರ್ಷದ ಕೊನೆಯಲ್ಲಿ ಲೆಕ್ಕ ಚುಕ್ತಾ ಮಾಡುವಾಗ ಪುಸ್ತಕ ಧಣಿಯ ಕೈಯಲ್ಲಿರುತ್ತಿತ್ತು. ವರ್ಷವಿಡೀ ದುಡಿದವನಿಗೆ ಏನೂ ಬಾಕಿ ಬರುವುದಿಲ್ಲ, ಇನ್ನೂ ಅವನೇ ಕೊಡಬೇಕು ಎಂದು ಪುಸ್ತಕ ಹೇಳಿದರೆ ಅದೇ ಕೊನೆಯ ಮಾತು. ಲೆಕ್ಕ ಕೇಳಿದರೆ ಜೀವಕ್ಕೇ ಸಂಚಕಾರ. ರೈಲಿನಲ್ಲಿ ಬಣ್ಣ ನೋಡಿ ಬೇರೆ ಕೂರಿಸುವುದನ್ನು ಸುಪ್ರೀಂ ಕೋರ್ಟು 1896ರ ಪ್ಲೆಸಿ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ತೆರಿಗೆ, ಓದುಬರಹದ ಪರೀಕ್ಷೆಗಳ ನೆಪದಲ್ಲಿ ಮತದ ಹಕ್ಕನ್ನೂ ಕಿತ್ತುಕೊಂಡರು. ಗುಂಪುಗೂಡಿ ಕೊಲ್ಲುವುದು ಇವೆಲ್ಲಕ್ಕೂ ಕಾವಲಾಗಿತ್ತು: 1882ರಿಂದ 1968ರವರೆಗೆ ಕಪ್ಪು ಜನರ ವಿದ್ಯಾಸಂಸ್ಥೆಯಾದ ಟಸ್ಕೆಗೀ ಸಂಸ್ಥೆ ದಾಖಲಿಸಿದ ಇಂಥ ಕೊಲೆಗಳಲ್ಲಿ ಸತ್ತ ಕಪ್ಪು ಜನರ ಸಂಖ್ಯೆ 3,446.

ಮೊದಲ ಮಹಾಯುದ್ಧ ದಾರಿ ತೆರೆಯಿತು. ಯುರೋಪಿನಿಂದ ಬರುತ್ತಿದ್ದ ಕೂಲಿಕಾರರು ನಿಂತುಹೋದರು. ಉತ್ತರದ ಉಕ್ಕಿನ ಕಾರ್ಖಾನೆ, ಕಸಾಯಿಖಾನೆ, ರೈಲ್ವೆಗಳಿಗೆ ಆಳು ಬೇಕಾಯಿತು. ಟೆಕ್ಸಾಸಿನಿಂದ ಹಬ್ಬಿದ ಹತ್ತಿಕಾಯಿ ಕೀಟ ಅದೇ ಕಾಲಕ್ಕೆ ದಕ್ಷಿಣದ ಹೊಲಗಳನ್ನು ತಿಂದುಹಾಕುತ್ತಿತ್ತು. ಸುದ್ದಿ ಹೊತ್ತು ತಂದದ್ದು ‘ಶಿಕಾಗೋ ಡಿಫೆಂಡರ್’ ಪತ್ರಿಕೆ. ಜಾರ್ಜಿಯಾದಲ್ಲಿ ಹುಟ್ಟಿದ ರಾಬರ್ಟ್ ಆಬಟ್ 1905ರಲ್ಲಿ ಇದನ್ನು ಆರಂಭಿಸಿದ್ದ. ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳಲ್ಲಿ ಸೇವಕರಾಗಿದ್ದ ಕಪ್ಪು ನೌಕರರು ಪತ್ರಿಕೆಯ ಕಟ್ಟುಗಳನ್ನು ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದರು. ಕೆಲಸವಿದೆಯೇ, ರೈಲು ಟಿಕೆಟ್ಟಿಗೆ ಮುಂಗಡ ಸಿಗುತ್ತದೆಯೇ ಎಂದು ಕೇಳುವ ಪತ್ರಗಳು ರಾಶಿ ಬಿದ್ದವು. ಟಸ್ಕೆಗೀ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಎಮೆಟ್ ಸ್ಕಾಟ್ ಅವುಗಳಲ್ಲಿ ಹಲವನ್ನು 1919ರಲ್ಲಿ ಪ್ರಕಟಿಸಿದ. ತಮ್ಮ ಹೆಸರು ಪತ್ರಿಕೆಯಲ್ಲಿ ಬರಬಾರದೆಂದು ಬೇಡಿಕೊಂಡವರು ಅವುಗಳನ್ನು ಬರೆದವರಲ್ಲಿ ಅನೇಕರಿದ್ದಾರೆ. ಕೆಲಸ ಕೇಳುವುದೂ ಅಪಾಯವಾಗಿದ್ದ ನಾಡು ಅದು. ಕೂಲಿ ಕೈತಪ್ಪುವುದನ್ನು ಕಂಡ ದಕ್ಷಿಣದ ಆಡಳಿತ ಕೈಕಟ್ಟಿ ಕೂರಲಿಲ್ಲ: ಜಾರ್ಜಿಯಾದ ಮೇಕನ್ ನಗರ ಕೂಲಿ ಏಜೆಂಟರ ಪರವಾನಗಿಗೆ 25,000 ಡಾಲರ್ ಶುಲ್ಕ ಹೇರಿತು, ಕೆಲವೆಡೆ ಪೊಲೀಸರು ರೈಲಿನಿಂದಲೇ ಜನರನ್ನು ಇಳಿಸಿದರು.

ವಲಸೆ ರೈಲು ಹಳಿಗಳನ್ನೇ ಅನುಸರಿಸಿತು. ಮಿಸಿಸಿಪ್ಪಿಯವರು ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋ ಸೇರಿದರು. ಜಾರ್ಜಿಯಾ, ಕೆರೊಲಿನಾಗಳವರು ಕರಾವಳಿ ಹಿಡಿದು ಫಿಲಡೆಲ್ಫಿಯಾ, ನ್ಯೂಯಾರ್ಕಿಗೆ ಹೋದರು. 1910ರಲ್ಲಿ ಸುಮಾರು 44,000 ಇದ್ದ ಶಿಕಾಗೋದ ಕಪ್ಪು ಜನರ ಸಂಖ್ಯೆ ಹತ್ತೇ ವರ್ಷದಲ್ಲಿ 1,09,000 ದಾಟಿತು. ಎರಡನೆಯ ಮಹಾಯುದ್ಧದ ಕಾಲದ ಅಲೆ ಇನ್ನೂ ದೊಡ್ಡದು: ಟೆಕ್ಸಾಸ್, ಲೂಸಿಯಾನದವರು ಹಡಗುಕಟ್ಟೆಗಳ ಕೆಲಸಕ್ಕೆ ಲಾಸ್ ಏಂಜಲೀಸ್, ಓಕ್ಲೆಂಡಿಗೆ ಹೋದರು. 1944ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನ ನಡೆಯಿತು. ಆಮೇಲೆ ಆಳುಗಳನ್ನು ಹಿಡಿದಿಡುವ ಅಗತ್ಯ ಧಣಿಗಳಿಗೇ ಇರಲಿಲ್ಲ.

ಉತ್ತರದಲ್ಲಿ ಮತ ಹಾಕಬಹುದಿತ್ತು, ಮಕ್ಕಳನ್ನು ಮೊದಲಿಗಿಂತ ಒಳ್ಳೆಯ ಶಾಲೆಗೆ ಕಳಿಸಬಹುದಿತ್ತು, ವಾರಕ್ಕೆ ಸರಿಯಾಗಿ ಸಂಬಳ ಬರುತ್ತಿತ್ತು. ಆದರೆ 1919ರ ಜುಲೈ 27ರಂದು ಶಿಕಾಗೋದ ಮಿಶಿಗನ್ ಸರೋವರದಲ್ಲಿ 17 ವರ್ಷದ ಯೂಜೀನ್ ವಿಲಿಯಮ್ಸ್ ತೆಪ್ಪದ ಮೇಲೆ ತೇಲುತ್ತ ಬಿಳಿಯರ ದಡದತ್ತ ಸರಿದ. ಬಿಳಿಯನೊಬ್ಬ ಕಲ್ಲೆಸೆದ, ಹುಡುಗ ಮುಳುಗಿ ಸತ್ತ. ಕಲ್ಲೆಸೆದವನನ್ನು ಹಿಡಿಯಲು ಸ್ಥಳದಲ್ಲಿದ್ದ ಪೊಲೀಸ್ ಒಪ್ಪಲಿಲ್ಲ. ಅದರಿಂದ ಎದ್ದ ಗಲಭೆಯಲ್ಲಿ 23 ಕಪ್ಪು ಜನರೂ 15 ಬಿಳಿಯರೂ ಸತ್ತರು, ಸುಮಾರು ಸಾವಿರ ಕಪ್ಪು ಕುಟುಂಬಗಳು ಮನೆ ಕಳೆದುಕೊಂಡವು.

ಕಲ್ಲಿಗಿಂತ ಬಹುಕಾಲ ಬಾಳಿದ್ದು ಕಾಗದ. ಉತ್ತರದ ಅನ್ಯಾಯವನ್ನು ಅರಿಯಬೇಕಾದರೆ ಮನೆಯ ಪತ್ರಗಳನ್ನು ಓದಬೇಕು. ಈ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬೀದಿಯ ಬಿಳಿಯ ಮಾಲೀಕರೆಲ್ಲ ಸಹಿ ಹಾಕಿದ ಕರಾರುಗಳು ಶಿಕಾಗೋದಲ್ಲಿ ಬಡಾವಣೆಗಟ್ಟಲೆ ಇದ್ದವು. 1933ರಲ್ಲಿ ಹುಟ್ಟಿದ ಸರ್ಕಾರಿ ಗೃಹಸಾಲ ನಿಗಮ ನಗರಗಳ ನಕಾಶೆ ಮಾಡಿಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಬಳಿಸಿತು. ಕಪ್ಪು ಜನರಿದ್ದ ಕೇರಿಗಳಿಗೆ ಬಹುಪಾಲು ಕೆಂಪೇ ಬಿತ್ತು. ಮರುವರ್ಷ ಬಂದ ಗೃಹನಿರ್ಮಾಣ ಆಡಳಿತವೂ ಅಂಥ ಕೇರಿಗಳ ಸಾಲಕ್ಕೆ ಜಾಮೀನು ನಿಲ್ಲಲಿಲ್ಲ. ಬಿಳಿಯ ಕುಟುಂಬಗಳು ಸರ್ಕಾರದ ಬೆಂಬಲದಿಂದ ಮನೆ ಕೊಂಡು ಆಸ್ತಿ ಬೆಳೆಸಿಕೊಂಡ ಆ ದಶಕಗಳಲ್ಲಿ ಇವರಿಗೆ ಉಳಿದದ್ದು ದುಬಾರಿ ಬಾಡಿಗೆ. ಒಂದು ಮನೆಯನ್ನು ಹಲವು ಒಂಟಿ ಕೋಣೆಗಳಾಗಿ ಒಡೆದು, ಕೋಣೆಗೊಂದು ಸಂಸಾರ ತುಂಬಿ, ಎಲ್ಲರಿಗೂ ಒಂದೇ ಕಕ್ಕಸು ಕೊಡುವ ‘ಕಿಚನೆಟ್’ ವಠಾರಗಳು ಹುಟ್ಟಿದ್ದು ಹೀಗೆ. ಇಂದಿಗೂ ಕಪ್ಪು ಮತ್ತು ಬಿಳಿಯ ಕುಟುಂಬಗಳ ಆಸ್ತಿಯ ನಡುವಿನ ಕಂದರಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಶಿಕಾಗೋದ ಕಪ್ಪು ಉದ್ಯಮಿ ಕಾರ್ಲ್ ಹ್ಯಾನ್ಸ್‌ಬರಿ 1937ರಲ್ಲಿ ಇಂಥ ಕರಾರಿದ್ದ ಬಡಾವಣೆಯಲ್ಲೇ ಮನೆ ಕೊಂಡ. ಗುಂಪು ಮುತ್ತಿತು, ಒಳಗೆ ತೂರಿಬಂದ ವಸ್ತುವೊಂದು ಮಗಳು ಲೊರೇನ್‌ಗೆ ಸ್ವಲ್ಪದರಲ್ಲಿ ತಪ್ಪಿತು. 1940ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರೂ ತೀರ್ಪು ತಾಂತ್ರಿಕ ಕಾರಣದ ಮೇಲೆ ನಿಂತಿತ್ತು. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿಮಾಡುವಂತಿಲ್ಲ ಎಂಬ ತೀರ್ಪು ಬರಲು 1948 ಆಗಬೇಕಾಯಿತು. ಲೊರೇನ್ ಬರೆದ ನಾಟಕ ‘ಎ ರೇಸಿನ್ ಇನ್ ದ ಸನ್’ 1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗ ಕಂಡಿತು. ಕಪ್ಪು ಮಹಿಳೆಯೊಬ್ಬಳ ನಾಟಕ ಅಲ್ಲಿ ರಂಗಕ್ಕೆ ಬಂದದ್ದು ಅದೇ ಮೊದಲು. ಗಂಡನ ವಿಮೆಯ ಹಣದಿಂದ ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಡುವ ತಾಯಿಯ ಕಥೆ ಅದು. ಅದೇ ಶಿಕಾಗೋದ ವಠಾರಗಳ ಬದುಕನ್ನು ಕವಿತೆಯಾಗಿಸಿದ ಗ್ವೆಂಡೊಲಿನ್ ಬ್ರೂಕ್ಸ್ 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ.

ವಲಸೆಯನ್ನೇ ವಸ್ತುವಾಗಿಸಿಕೊಂಡ ಕೃತಿಗಳಲ್ಲಿ ಜೇಕಬ್ ಲಾರೆನ್ಸ್‌ನ 60 ಚಿತ್ರಗಳ ಸರಣಿಗೆ ಸಮವಾದುದು ಇಲ್ಲ. ವಲಸೆಗಾರರ ಮಗನಾದ ಅವನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದವನು. 1941ರಲ್ಲಿ ಸರಣಿ ಮುಗಿಸಿದಾಗ ವಯಸ್ಸು 23. ಹಲಗೆಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣವನ್ನು ಎಲ್ಲದಕ್ಕೂ ಹಚ್ಚಿ ಮುಗಿಸಿ, ಆಮೇಲೆ ಮುಂದಿನ ಬಣ್ಣಕ್ಕೆ ಕೈಹಾಕುತ್ತಿದ್ದ. ಹೀಗಾಗಿ ಒಂದೇ ಹಳದಿ, ಒಂದೇ ಹಸಿರು ಆರಂಭದ ಚಿತ್ರದಿಂದ ಕೊನೆಯದರವರೆಗೂ ಬರುತ್ತದೆ. ಹದಿನೈದನೆಯ ಚಿತ್ರದ ವಸ್ತು ಗುಂಪುಕೊಲೆ. ಶವ ಅದರಲ್ಲಿಲ್ಲ: ಬರಿದಾದ ಕೊಂಬೆ, ಖಾಲಿ ಕುಣಿಕೆ, ಪಕ್ಕದಲ್ಲಿ ಮುದುಡಿ ಕೂತ ಒಂದು ಆಕೃತಿ. ಸತ್ತವನನ್ನು ನೋಟದ ವಸ್ತುವಾಗಿಸಲು ಒಪ್ಪದ ಈ ಸಂಯಮವೇ ಆ ಚಿತ್ರದ ಬಲ.

ಸಂಗೀತದ ಬದಲಾವಣೆ ಕಿವಿಗೇ ಗೊತ್ತಾಗುವಂಥದ್ದು. 1941ರಲ್ಲಿ ಮಿಸಿಸಿಪ್ಪಿಯ ಸ್ಟೋವಾಲ್ ತೋಟದಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಿಸಿಕೊಂಡ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ನುಡಿಸಿದ್ದು ಮರದ ಗಿಟಾರು. 1943ರಲ್ಲಿ ಶಿಕಾಗೋಗೆ ಬಂದ ಮೇಲೆ, ಹೆಂಡದಂಗಡಿಗಳ ಗದ್ದಲದಲ್ಲಿ ಅದರ ದನಿ ಮೇಲೇಳದೆ ವಿದ್ಯುತ್ ಗಿಟಾರು ಹಿಡಿದ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಹೆಸರಿಟ್ಟುಕೊಂಡದ್ದೇ ಅವನ ಹಾಡೊಂದರಿಂದ. ಡೆಟ್ರಾಯಿಟ್‌ನಲ್ಲಿ 1959ರಲ್ಲಿ ಮೋಟೌನ್ ಧ್ವನಿಮುದ್ರಣ ಸಂಸ್ಥೆ ಕಟ್ಟಿದ ಬೆರಿ ಗಾರ್ಡಿ ಜಾರ್ಜಿಯಾದಿಂದ ಬಂದ ದಂಪತಿಯ ಮಗ, ಕಾರು ಕಾರ್ಖಾನೆಯಲ್ಲಿ ದುಡಿದವನು.

ರಾಜಕೀಯದ ಫಲ ನಿಧಾನವಾಗಿ ಬಂತು. 1928ರಲ್ಲಿ ಶಿಕಾಗೋದಿಂದ ಆಸ್ಕರ್ ಡಿ ಪ್ರೀಸ್ಟ್ ಉತ್ತರದ ಮೊದಲ ಕಪ್ಪು ಸಂಸದನಾಗಿ ಆಯ್ಕೆಯಾದ. 1966ರಲ್ಲಿ ಮನೆಯ ಹಕ್ಕಿಗಾಗಿ ಅದೇ ಊರಿನಲ್ಲಿ ಮೆರವಣಿಗೆ ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ ಅವರ ತಲೆಗೆ ಕಲ್ಲೇಟು ಬಿತ್ತು. ವಸತಿಯಲ್ಲಿ ತಾರತಮ್ಯ ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ, ಅವರ ಕೊಲೆಯಾದ ಒಂದು ವಾರಕ್ಕೆ. ಲೂಸಿಯಾನ, ಟೆಕ್ಸಾಸಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಹ್ಯೂ ನ್ಯೂಟನ್, ಬಾಬಿ ಸೀಲ್ 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಆ ಹೆಸರು 1972ರಲ್ಲಿ ಮುಂಬೈಗೆ ಬಂದು ದಲಿತ ಪ್ಯಾಂಥರ್ಸ್ ಆಯಿತು.

1970ರ ದಶಕದಲ್ಲಿ ಉತ್ತರದ ಕಾರ್ಖಾನೆಗಳು ಮುಚ್ಚತೊಡಗಿದವು. ದಕ್ಷಿಣದಲ್ಲಿ ಮತದ ಹಕ್ಕು ಮರಳಿ ಬಂದಿತ್ತು. ಹೊಳೆ ತಿರುಗಿತು. ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ಅಟ್ಲಾಂಟಾ, ಹ್ಯೂಸ್ಟನ್, ಡಲ್ಲಾಸ್‌ಗಳಿಗೆ ಬಂದು ನೆಲೆಸತೊಡಗಿದರು, ಮತದಾರರ ಪಟ್ಟಿಗಳು ಬದಲಾದವು. ಒಂದು ಕಾಲಕ್ಕೆ ರೈಲು ಹತ್ತುವವರನ್ನು ತಡೆಯಲು ಹೆಣಗಿದ್ದ ಜಾರ್ಜಿಯಾ, 2021ರ ಜನವರಿಯಲ್ಲಿ ರಾಫೆಲ್ ವಾರ್ನಾಕ್ ಅವರನ್ನು ತನ್ನ ಮೊದಲ ಕಪ್ಪು ಸೆನೆಟರ್ ಆಗಿ ಆರಿಸಿ ಕಳಿಸಿತು.