ಅರಗುವಿಕೆಯೂ ಪಾಕವೂ

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಹೊಟ್ಟೆ ಭಾರವಾದವನು ಉಂಡದ್ದು ಅರಗಲಿಲ್ಲವೆನ್ನುತ್ತಾನೆ. ವೈದ್ಯಗ್ರಂಥವು ಅದನ್ನೇ ಅಗ್ನಿಮಾಂದ್ಯವೆನ್ನುತ್ತದೆ. ವಿಕಾರವು ಒಂದೇ ಆದರೂ ಕಲ್ಪನೆಗಳು ಎರಡು. ಅರಗುವುದೆಂದರೆ ಸವೆದು ಕರಗುವುದು. ಪಾಕವೆಂದರೆ ಬೆಂಕಿಯಿಂದ ಬೇಯುವುದು. ಪೂಜ್ಯಪಾದರ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದ ಜಗದ್ದಳ ಸೋಮನಾಥನಂಥವರ ಮೂಲಕ ಸಂಸ್ಕೃತದ ವೈದ್ಯಪರಿಭಾಷೆಯು ಕನ್ನಡದಲ್ಲಿ ನೆಲೆಗೊಂಡಿತು. ಆದರೂ ಅರಗೆಂಬ ಮಾತು ಜನರ ಬಾಯಿಂದ ಹೋಗಲಿಲ್ಲ. ಹರೆಯದವರಿಗೆ ಕಲ್ಲನ್ನು ತಿಂದು ಅರಗಿಸಿಕೊಳ್ಳುವ ವಯಸ್ಸೆನ್ನುವುದು ಇಂದಿಗೂ ರೂಢಿ.

ಹಾಗಾದರೆ ಪ್ರಾಚೀನರು ಜಠರದಲ್ಲಿ ಉರಿಯುವ ಜ್ವಾಲೆಯೊಂದನ್ನು ನಂಬಿದ್ದರೆ? ಹಾಗೆನ್ನುವುದು ಗ್ರಂಥಗಳನ್ನು ಓದದವರ ಮಾತು. ಪಿತ್ತಕ್ಕಿಂತ ಬೇರೆಯಾದ ಅಗ್ನಿಯುಂಟೋ, ಪಿತ್ತವೇ ಅಗ್ನಿಯೋ ಎಂಬ ಪ್ರಶ್ನೆಯನ್ನು ಸುಶ್ರುತಸಂಹಿತೆಯೇ ಎತ್ತಿ, ಪಿತ್ತವನ್ನು ಬಿಟ್ಟು ಬೇರೆ ಅಗ್ನಿಯು ಕಾಣದೆಂದು ನಿರ್ಣಯಿಸುತ್ತದೆ. ಆ ಪಿತ್ತದ ಗುಣಗಳನ್ನು ಹೇಳುವಾಗ ಚರಕಸಂಹಿತೆಯು ಉಷ್ಣತೆಯೊಡನೆ ದ್ರವತ್ವವನ್ನೂ ಹುಳಿಯನ್ನೂ ಎಣಿಸುತ್ತದೆ. ಬೆಂಕಿಯು ದ್ರವವಲ್ಲ, ಹುಳಿಯೂ ಅಲ್ಲ. ಆದುದರಿಂದ ಜಠರಾಗ್ನಿಯೆಂಬುದು ಬಿಸಿಯಾದ ಹುಳಿನೀರಿಗೆ ಇಟ್ಟ ಹೆಸರೆನ್ನಲು ಆಧಾರವಿದೆ.

ಯೂರೋಪಿನಲ್ಲಿಯೂ ಹೊಟ್ಟೆಯು ಅರೆಯುತ್ತದೆಯೋ, ಬೇಯಿಸುತ್ತದೆಯೋ, ಕೊಳೆಯಿಸುತ್ತದೆಯೋ ಎಂಬ ವಾದವು ಬಹುಕಾಲ ನಡೆಯಿತು. ಜಠರದಲ್ಲಿರುವ ಆಮ್ಲವು ಹೈಡ್ರೋಕ್ಲೋರಿಕ್ ಆಮ್ಲವೆಂದು ಪ್ರೌಟನು ೧೮೨೪ರಲ್ಲಿ ಪ್ರಕಟಿಸಿದನು. ಅಮೇರಿಕೆಯಲ್ಲಿ ೧೮೨೨ರಲ್ಲಿ ಗುಂಡಿನ ಗಾಯದಿಂದ ಹೊಟ್ಟೆಗೆ ರಂಧ್ರವಾಗಿ ಬದುಕಿದ ಸೇಂಟ್ ಮಾರ್ಟಿನ್ ಎಂಬವನ ಜಠರರಸವನ್ನು ಬ್ಯೂಮಾಂಟನೆಂಬ ವೈದ್ಯನು ಹೊರತೆಗೆದು, ಸೀಸೆಯಲ್ಲಿ ಮಾಂಸದೊಡನೆ ಇಟ್ಟು ನೋಡಿದನು. ಶರೀರದಷ್ಟೇ ಬೆಚ್ಚಗಿಟ್ಟಾಗ ಮಾಂಸವು ಕರಗಿತು, ತಣ್ಣಗಿಟ್ಟಾಗ ಕರಗಲಿಲ್ಲ. ಅವನ ಗ್ರಂಥವು ೧೮೩೩ರಲ್ಲಿ ಹೊರಬಂದಿತು. ೧೮೩೬ರಲ್ಲಿ ಶ್ವಾನನು ಆ ರಸದಲ್ಲಿಯ ಪೆಪ್ಸಿನ್ ಎಂಬ ಪಾಚಕದ್ರವ್ಯವನ್ನು ಗುರುತಿಸಿದನು. ಇಲ್ಲಿ ಅರಗು ಎಂಬ ದೇಶ್ಯಪದವು ಗೆದ್ದಿತೆನ್ನಬಹುದು. ಆದರೆ ಬಿಸಿಯಿಲ್ಲದೆ ರಸವು ಕೆಲಸಮಾಡಲಿಲ್ಲವೆಂಬುದರಿಂದ ಅಗ್ನಿವಾದಿಗಳೂ ಪೂರ್ತಿ ಸೋಲಲಿಲ್ಲ.

ಇದಕ್ಕಿಂತ ಮುಂದೆ ಹೋಗುವುದು ಸಲ್ಲದು. ಆಹಾರಕ್ಕೆ ಮೊದಲು ಮಧುರ, ಆಮೇಲೆ ಆಮ್ಲ, ಕೊನೆಗೆ ಕಟು ಎಂಬ ಮೂರು ಅವಸ್ಥೆಗಳನ್ನು ಚರಕಸಂಹಿತೆಯ ಗ್ರಹಣೀಚಿಕಿತ್ಸಾಧ್ಯಾಯವು ಹೇಳಿದೆ. ಜೋಳದ ರೊಟ್ಟಿಯ ಪಿಷ್ಟವು ಜೊಲ್ಲಿನಿಂದ ಬಾಯಲ್ಲಿಯೇ ಸಕ್ಕರೆಯಾಗತೊಡಗುವುದನ್ನು ಕಂಡು, ಮಧುರಾವಸ್ಥೆಯೆಂದರೆ ಇದೇ ಎನ್ನಲು ಮನಸ್ಸಾದೀತು. ಆದರೆ ಸಂಹಿತೆಯ ಮಧುರಾವಸ್ಥೆಯು ನೊರೆಯಂಥ ಕಫವು ಹುಟ್ಟುವ ಅವಸ್ಥೆ. ಪಿಷ್ಟದ ವಿಚಾರವು ಅಲ್ಲಿಲ್ಲ. ಪಿಷ್ಟದ ಹೆಚ್ಚಿನ ಭಾಗವು ಒಡೆಯುವುದಾದರೂ ಜಠರವನ್ನು ದಾಟಿದ ಮೇಲೆ, ಸಣ್ಣಕರುಳಿನಲ್ಲಿ, ಮೇದೋಜೀರಕಗ್ರಂಥಿಯ ರಸದಿಂದ.