ಯಾರ ಕೋಟೆ? ನಮ್ಮ ಸೀಮೆಯ ಮುತ್ತಿಗೆಗಳ ಚರಿತ್ರೆ



ಚನ್ನಗಿರಿಯಲ್ಲಿ ಬಸ್ಸು ಇಳಿದವರಿಗೆ ಊರಿನ ಬೆಟ್ಟ ಕಾಣದೆ ಇರದು. ಬೆಟ್ಟದ ಮೇಲೆ ಕೋಟೆ, ಕೋಟೆಯೊಳಗೆ ರಂಗನಾಥಸ್ವಾಮಿಯ ಗುಡಿ, ಕೊಳ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹತ್ತಿದ್ದೆ. ಅರ್ಧ ದಾರಿಯಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಇದು ಹಿಂದೂಗಳ ಕೋಟೆನಾ, ಮುಸ್ಲಿಮರ ಕೋಟೆನಾ?" ನಾನು ತಕ್ಷಣ ಉತ್ತರ ಕೊಡಲಿಲ್ಲ. ಊರಿಗೆ ಹೆಸರು ಬಂದದ್ದು 1671ರಿಂದ ಸುಮಾರು ಕಾಲು ಶತಮಾನ ಆಳಿದ ಕೆಳದಿಯ ರಾಣಿ ಚೆನ್ನಮ್ಮನಿಂದ ಎಂದು ಹೇಳಿ ಮುಂದೆ ನಡೆದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಲೇಖನ ಆ ಹುಡುಗನಿಗೆ ಅಂದು ಕೊಡಬೇಕಾಗಿದ್ದ ಉತ್ತರ ಎಂದು ತಿಳಿಯಿರಿ.

ಮೊದಲು ಹಳೆಯ ಒಂದು ಮುತ್ತಿಗೆಯ ಮಾತು. ಜಗಳೂರಿನವರಿಗೆ ಉಚ್ಚಂಗಿದುರ್ಗ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದು ಪಾಂಡ್ಯ ಅರಸರ ರಾಜಧಾನಿ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಲಾಗದೆ ಬಿಟ್ಟುಹೋದ ಕೋಟೆಯನ್ನು ಹೊಯ್ಸಳರ ವೀರಬಲ್ಲಾಳ ಗೆದ್ದನೆಂದು ಶಾಸನಗಳು ಹೊಗಳುತ್ತವೆ. ಶಾಸನದ ಕವಿಗಳು ತಮ್ಮ ಒಡೆಯನನ್ನು ಹೊಗಳುವಾಗ ಲೆಕ್ಕ ಇಡುವವರಲ್ಲ, ಹನ್ನೆರಡು ಎಂಬ ಸಂಖ್ಯೆಯನ್ನು ಅಷ್ಟು ನಂಬಬೇಕಾಗಿಲ್ಲ. ಗಮನಿಸಬೇಕಾದದ್ದು ಬೇರೆ. ಗೆದ್ದ ಬಲ್ಲಾಳ, ಶರಣಾದ ಪಾಂಡ್ಯ ಅರಸನಿಗೇ ರಾಜ್ಯವನ್ನು ಮರಳಿ ಕೊಟ್ಟ. ಕೋಟೆಯನ್ನು ಹಿಡಿಯುವುದು ಒಂದು ಕೆಲಸ, ಅದನ್ನು ಕಾಯಲು ಜನ, ಧಾನ್ಯ, ಸಂಬಳ ಹೊಂದಿಸುವುದು ಇನ್ನೊಂದು. ಎರಡನೆಯದು ಮೊದಲಿನದಕ್ಕಿಂತ ಕಷ್ಟ.

ನಮ್ಮ ಬಯಲುಸೀಮೆಯ ಕೋಟೆಗಳಲ್ಲಿ ಹೆಚ್ಚಿನವು ಚಿತ್ರದುರ್ಗದಂಥ ಕಲ್ಲುಕೋಟೆಗಳಲ್ಲ. ಹೆಂಟೆ ಮಣ್ಣಿನ ದಪ್ಪ ಗೋಡೆ, ಮೂಲೆಗೊಂದು ಬುರುಜು, ಸುತ್ತ ಕಂದಕ, ಅದರಾಚೆ ಮುಳ್ಳಿನ ಬೇಲಿ. ನೋಡಲು ಬಡಕಲು. ಆದರೆ ಫಿರಂಗಿ ಬಂದ ಮೇಲೆ ಈ ಮಣ್ಣಿನ ಗೋಡೆಯ ಬೆಲೆ ಗೊತ್ತಾಯಿತು. ಕಲ್ಲಿನ ಗೋಡೆಗೆ ಗುಂಡು ಬಡಿದರೆ ಕಲ್ಲು ಸೀಳಿ, ಮೇಲಿನ ಸಾಲು ಕುಸಿಯುತ್ತದೆ. ಮಣ್ಣಿನ ಗೋಡೆ ಗುಂಡನ್ನು ನುಂಗಿಕೊಳ್ಳುತ್ತದೆ. ಹಗಲು ಬಿದ್ದ ತೂತನ್ನು ಒಳಗಿನವರು ರಾತ್ರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಮುಚ್ಚಿಬಿಡಬಹುದು. ಮಳೆಗಾಲವೊಂದೇ ಇದರ ದೊಡ್ಡ ಶತ್ರು. ಅದಕ್ಕೇ ಇಂದು ಹುಡುಕಿದರೆ ಅನೇಕ ಊರುಗಳಲ್ಲಿ ದಿಬ್ಬವೊಂದೇ ಸಿಗುತ್ತದೆ.

ಇನ್ನು ಕೋಟೆಯೊಳಗಿನವರು ಯಾರು? ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವನ್ನೇ ತೆಗೆದುಕೊಳ್ಳಿ. 1637ರಲ್ಲಿ ವಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಬಂದಾಗ ಅವನಿಗೆ ದಾರಿ ತೋರಿಸಿದವನು ಬಸವಾಪಟ್ಟಣದ ನಾಯಕ ಕೆಂಗ ಹನುಮ. ಕೆಳದಿಯ ವೀರಭದ್ರ ನಾಯಕನ ಮೇಲಿನ ಹಗೆ ಅವನಿಗೆ ದೊಡ್ಡದಾಗಿತ್ತು. ಮುಂದೆ ಅದೇ ವಿಜಾಪುರದ ಸೈನ್ಯ ಅವನ ಮೇಲೂ ತಿರುಗಿತು. ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋದವರು ಅದರ ದಡದಲ್ಲೇ ನಿಂತಿರುವ ಮುಸಾಫಿರ್‌ಖಾನೆಯನ್ನೂ ನೋಡಿರುತ್ತೀರಿ. ಆ ಎರಡೂ ಒಂದೇ ನೀರಿನ ಎದುರು ನಿಂತಿರುವುದರ ಹಿಂದೆ ಈ ಸ್ನೇಹವೂ ಇದೆ, ಈ ಜಗಳವೂ ಇದೆ.

1748ರ ಮಾಯಕೊಂಡ ಯುದ್ಧದಲ್ಲೂ ಇದೇ ಬಗೆಯ ಬೆರಕೆ. ಒಂದು ಕಡೆ ಹರಪನಹಳ್ಳಿಯ ಸೋಮಶೇಖರ ನಾಯಕ ಮತ್ತು ಅವನ ಮಿತ್ರರು. ಇನ್ನೊಂದು ಕಡೆ ಚಿತ್ರದುರ್ಗದ ಮದಕರಿ ನಾಯಕ, ಅವನ ಪಕ್ಕದಲ್ಲಿ ಚಂದಾ ಸಾಹೇಬ. ಮದಕರಿ ಅಲ್ಲೇ ಮಡಿದ. (ಇವನು ಹೈದರನಿಗೆ ಸೋತ ಕೊನೆಯ ಮದಕರಿಯಲ್ಲ. ಪರೀಕ್ಷೆಯಲ್ಲಿ ಈ ಇಬ್ಬರನ್ನು ಒಂದು ಮಾಡಿ ಬರೆಯುವವರನ್ನು ಪ್ರತಿ ವರ್ಷ ಕಾಣುತ್ತೇನೆ.)

ಆ ಕೊನೆಯ ಮದಕರಿಯ ಕಾಲಕ್ಕೆ ಬರೋಣ. ಜಗಳೂರು ತಾಲ್ಲೂಕಿನ ಕಣಕುಪ್ಪೆಯ ಗುಡ್ಡದ ಕೋಟೆ ದುರ್ಗದ ನಾಯಕರದೇ. ಒಂದು ಕಾಲಕ್ಕೆ ತಾಲ್ಲೂಕಿಗೇ ಕಣಕುಪ್ಪೆಯ ಹೆಸರಿತ್ತು. 1777ರಲ್ಲಿ ಹೈದರ್ ಅಲಿ ಚಿತ್ರದುರ್ಗಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಬಂಡೆಗಳ ನಡುವೆ ಒಂದರ ಕೆಳಗೊಂದು ಹೊಂಡ ಕಟ್ಟಿ ಮಳೆನೀರು ಹಿಡಿದಿದ್ದರು. ಧಾನ್ಯದ ಕಣಜ, ಎಣ್ಣೆಯ ಕೊಳ, ಮದ್ದು ಬೀಸುವ ಕಲ್ಲು ಎಲ್ಲ ಒಳಗೇ ಇತ್ತು. ಮರಾಠರ ಸೈನ್ಯ ಬರುವ ಸುದ್ದಿ ಕೇಳಿ ಹೈದರ್ ಹಿಂದಿರುಗಿದ. 1779ರಲ್ಲಿ ಮತ್ತೆ ಬಂದು ಗೆದ್ದ. ಈ ಸಲ ಏನು ಬದಲಾಗಿತ್ತು? ಗೋಡೆ ಅದೇ, ನೀರೂ ಅದೇ. ನಾಯಕನ ಸೇವೆಯಲ್ಲಿದ್ದ ಮುಸ್ಲಿಂ ಸಿಪಾಯಿಗಳನ್ನು ಹೈದರ್ ಒಳಗೊಳಗೇ ಒಲಿಸಿಕೊಂಡನೆಂದು ಮೈಸೂರಿನ ಚರಿತ್ರೆ ಬರೆದ ಕರ್ನಲ್ ವಿಲ್ಕ್ಸ್ ಹೇಳುತ್ತಾನೆ. ಈ ಮಾತನ್ನು ಓದಿ ನಮ್ಮವರಲ್ಲಿ ಕೆಲವರು ಮುಜುಗರಪಡುತ್ತಾರೆ, ಬೇರೆ ಕೆಲವರು ಬೆರಳು ತೋರಿಸುತ್ತಾರೆ. ಇಬ್ಬರೂ ಒಂದು ಸಂಗತಿ ಮರೆಯುತ್ತಾರೆ. ಬೇಡ ನಾಯಕನೊಬ್ಬ ತನ್ನ ಬಲವಾದ ಕೋಟೆಯ ಕಾವಲಿಗೆ ಸಾವಿರಗಟ್ಟಲೆ ಮುಸ್ಲಿಂ ಸಿಪಾಯಿಗಳನ್ನು ನಂಬಿ ಇಟ್ಟುಕೊಂಡಿದ್ದ, ಅವರು 1777ರ ಮುತ್ತಿಗೆಯನ್ನು ಅವನ ಜೊತೆ ನಿಂತು ತಡೆದಿದ್ದರು. ಗೆದ್ದ ಮೇಲೆ ಹೈದರ್ ಸುಮಾರು 20,000 ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದ. ಇದು ಕ್ರೂರ ಕೆಲಸ. ಹೈದರನ ಶೌರ್ಯವನ್ನು ಬರೆಯುವ ಪುಟದಲ್ಲಿ ಇದನ್ನೂ ಬರೆಯಬೇಕು.

ಮುತ್ತಿಗೆ ಎಂದರೆ ಹಗಲೂ ರಾತ್ರಿ ಗುಂಡಿನ ಮಳೆ ಎಂದು ಸಿನಿಮಾ ನೋಡಿ ಭಾವಿಸಬೇಡಿ. 1790ರ ಸೆಪ್ಟೆಂಬರಿನಿಂದ ಮರಾಠರ ಪರಶುರಾಮ ಭಾವೂ ಧಾರವಾಡಕ್ಕೆ ಮುತ್ತಿಗೆ ಹಾಕಿದ. ಜೊತೆಯಲ್ಲಿ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ಪಡೆ. ಒಳಗಿದ್ದವನು ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನ್. ಆ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬವನು ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಮರಾಠ ಗೋಲಂದಾಜರು ಫಿರಂಗಿಗೆ ಮದ್ದು ತುಂಬಿ ಕೂತು ಅರ್ಧ ಗಂಟೆ ಹುಕ್ಕಾ ಸೇದುತ್ತ ಹರಟೆ ಹೊಡೆಯುತ್ತಿದ್ದರಂತೆ, ಆಮೇಲೆ ಒಂದು ಗುಂಡು, ಮತ್ತೆ ಹರಟೆ. ಮಧ್ಯಾಹ್ನ ಊಟಕ್ಕೆ ಎರಡೂ ಕಡೆ ವಿರಾಮ. ಸಂಜೆ ಫಿರಂಗಿಗಳನ್ನು ಶಿಬಿರಕ್ಕೆ ಎಳೆದುಕೊಂಡು ಹೋಗುವುದು. ಹೀಗೆ ಸುಮಾರು 29 ವಾರ! ಕೊನೆಗೆ ಕೋಟೆ ಕೈಬಿಟ್ಟದ್ದು ಒಳಗೆ ಅನ್ನ, ಮದ್ದು ತೀರುತ್ತ ಬಂದದ್ದರಿಂದ, ಮಾತುಕತೆಯಿಂದ. 1791ರ ಏಪ್ರಿಲ್ ಮೊದಲಲ್ಲಿ ಖಾನ್ ಮರ್ಯಾದೆಯ ಕರಾರಿನ ಮೇಲೆ ಹೊರಬಂದ. ಕರಾರು ಮುರಿದು ದಾರಿಯಲ್ಲಿ ಅವನ ಮೇಲೆ ಬಿದ್ದು ಗಾಯಗೊಳಿಸಿ ಸೆರೆ ಹಿಡಿದರು. ಆ ವರ್ಷದ ಕೊನೆಗೆ ಇದೇ ಸೈನ್ಯ ನಮ್ಮ ಸೀಮೆಗೆ ಬಂದು ಹೊಳೆಹೊನ್ನೂರನ್ನು ಹಿಡಿದು, ಡಿಸೆಂಬರ್ 29ರಂದು ಶಿವಮೊಗ್ಗದ ಬಳಿಯ ಕಾಡಿನಲ್ಲಿ ಟಿಪ್ಪುವಿನ ಪಡೆಯನ್ನು ಸೋಲಿಸಿತು.

ಇಷ್ಟು ದೊಡ್ಡ ಸೈನ್ಯಗಳಿಗೆ ಅನ್ನ ಎಲ್ಲಿಂದ? ಪಠ್ಯಪುಸ್ತಕಗಳು ಕೇಳದ ಪ್ರಶ್ನೆ ಇದು. ಉತ್ತರ ನ್ಯಾಮತಿ ತಾಲ್ಲೂಕಿನಲ್ಲೇ ಸಿಗುತ್ತದೆ. ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ನಂಬಿ ಸೇರುವ ಸೂರಗೊಂಡನಕೊಪ್ಪ ಇರುವುದು ಅಲ್ಲಿ. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೈನ್ಯದ ಹಿಂದೆ ಸಾಗುತ್ತಿದ್ದವರು ಈ ಲಂಬಾಣಿಗರು. ನಿಜಾಮನಿಗೂ ಅವರೇ, ಮರಾಠರಿಗೂ ಅವರೇ, ಇಂಗ್ಲಿಷರಿಗೂ ಅವರೇ. ಅವರ ಎತ್ತು ಬರದಿದ್ದರೆ ಮುತ್ತಿಗೆ ಹಾಕಿದವನೇ ಉಪವಾಸ ಬೀಳುತ್ತಿದ್ದ.

ಈಗ ಚನ್ನಗಿರಿಯ ಮಗನೊಬ್ಬನ ಕಥೆ. ಅವನ ಹೆಸರನ್ನು ಆ ಊರಿನ ಎಷ್ಟು ಮಕ್ಕಳು ಕೇಳಿದ್ದಾರೋ ತಿಳಿಯದು. ಧೋಂಡಿಯಾ ವಾಘ್ ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠಾ ಮನೆತನದಲ್ಲಿ. ಹೈದರನ ಕುದುರೆ ಸವಾರನಾಗಿದ್ದ. ಟಿಪ್ಪುವಿನ ಕಾಲದಲ್ಲಿ ಒಮ್ಮೆ ಬಿಟ್ಟುಹೋಗಿ ಲಕ್ಷ್ಮೇಶ್ವರದ ಕಡೆ ಸ್ವಂತ ದಂಡು ಕಟ್ಟಿದ, ಮತ್ತೆ ಮರಳಿದ, ಇಸ್ಲಾಂ ಸ್ವೀಕರಿಸಿದ. ಆಮೇಲೆ ಟಿಪ್ಪುವೇ ಅವನಿಗೆ ಬೇಡಿ ತೊಡಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ಹೊರಬಂದವನು, ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರನ್ನು ಸೇರಿಸಿಕೊಂಡು ನೇರ ತನ್ನ ಸೀಮೆಗೆ ಬಂದ. ಕೆಲವೇ ವಾರಗಳಲ್ಲಿ ಬಿದನೂರು, ಶಿವಮೊಗ್ಗದ ಕಡೆಯ ಕೋಟೆಗಳು ಅವನ ವಶವಾದವು. ಇಂಗ್ಲಿಷರ ಎರಡು ದಂಡು ಎರಡು ದಿಕ್ಕಿನಿಂದ ಬಂದಾಗ ಅಷ್ಟೇ ಬೇಗ ಕೈಬಿಟ್ಟೂ ಹೋದವು. ಅವನು ತುಂಗಭದ್ರೆ ದಾಟಿ ಪಾರಾದ.

1800ರಲ್ಲಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಎದ್ದ. ಉಭಯಲೋಕಾಧೀಶ್ವರ ಎಂದು ತನ್ನನ್ನು ಕರೆದುಕೊಂಡ! ಅವನನ್ನು ಹಿಡಿಯಲೆಂದೇ ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ, ಬಟೇವಿಯಾ ದಂಡಯಾತ್ರೆಯ ಅವಕಾಶವನ್ನು ಬಿಟ್ಟು ಹೊರಟ. ದಿವಾನ್ ಪೂರ್ಣಯ್ಯನ ನೆರವಿತ್ತು. ಜೂನ್ ತಿಂಗಳಲ್ಲಿ ಹರಿಹರದ ಬಳಿ ಹೊಳೆ ದಾಟಿದ. ಹೊಳೆ ತುಂಬಿದರೆ ಕುದುರೆ ದಂಡು ನಿಲ್ಲುತ್ತದೆ, ಹರಿಗೋಲು ಇದ್ದವನು ನಿಲ್ಲುವುದಿಲ್ಲ ಎಂಬುದು ವೆಲ್ಲೆಸ್ಲಿಯ ಲೆಕ್ಕ. ಜೂನ್ 27ರಂದು ರಾಣೇಬೆನ್ನೂರು, ಜುಲೈ 14ರಂದು ಕುಂದಗೋಳ, 26ರಂದು ಡಂಬಳ. ತಿಂಗಳುಗಟ್ಟಲೆ ಕೂರುವ ಮುತ್ತಿಗೆಯೇ ಇಲ್ಲ. ಬಂದ ದಿನವೇ ಗೋಡೆಗೆ ಏಣಿ ಹಾಕಿ ಲಗ್ಗೆ. ಧೋಂಡಿಯಾ ಪ್ರತಿ ಕೋಟೆಯಲ್ಲಿ ಕೆಲವು ನೂರು ಜನರನ್ನು ಬಿಟ್ಟು ತಾನು ಮುಂದೆ ಹೋಗುತ್ತಿದ್ದ. ನನ್ನ ದೃಷ್ಟಿಯಲ್ಲಿ ಅವನು ಎಡವಿದ್ದು ಇಲ್ಲಿ. ಕುದುರೆಯ ಮೇಲೆ ಇದ್ದಷ್ಟು ದಿನ ಯಾರ ಕೈಗೂ ಸಿಗದವನು, ಜನರನ್ನು ಕೋಟೆಗಳಿಗೆ ಹಂಚಿ ಕಳೆದುಕೊಂಡ. ಸಹಾಯಕ್ಕೆ ಬರುವ ಸೈನ್ಯವಿಲ್ಲದ ಕೋಟೆ ಒಳಗಿನವರಿಗೆ ಬೋನು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ವೆಲ್ಲೆಸ್ಲಿಯ ನಾಲ್ಕು ಕುದುರೆ ಪಡೆಗಳು ಸುಮಾರು 5,000 ಸವಾರರ ಮೇಲೆ ಬಿದ್ದವು. ಧೋಂಡಿಯಾ ಅಲ್ಲೇ ಸತ್ತ. ಸಾಮಾನಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತಂದು ಸಾಕಿದ, ದೇಶ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ಸಲಾಬತ್ ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಇಲ್ಲಿಗೆ ಕೋಟೆಗಳ ಕಾಲ ಮುಗಿಯಿತು ಎನ್ನಬೇಕಾಗಿತ್ತು. ಆದರೆ ಇನ್ನೊಂದು ಸಲ ಅವುಗಳಿಗೆ ಜೀವ ಬಂತು. ಆ ಸಲ ಬಾಗಿಲು ಹಾಕಿಕೊಂಡವರು ರಾಜರಲ್ಲ, ರೈತರು. ಕಂದಾಯದ ಗುತ್ತಿಗೆ, ಅಧಿಕಾರಿಗಳ ಹಿಂಸೆ ತಾಳಲಾರದೆ 1830ರ ಕೊನೆಯ ತಿಂಗಳುಗಳಲ್ಲಿ ರೈತರು ಬಸವಾಪಟ್ಟಣದಲ್ಲಿ ಕೂಟ ಸೇರಿದರು, ಅಲ್ಲಿಂದ ಹೊಳೆಹೊನ್ನೂರಿಗೆ ನಡೆದರು. ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಸಾದರ ಮಲ್ಲ, ಬೂದಿ ಬಸವಪ್ಪ ಎಂಬ ಹೆಸರಿನಿಂದ, ತಾನೇ ನಗರದ ಅರಸನೆಂದು ಸಾರಿಕೊಂಡ. ದಂಗೆಗಾರರು ಹೊನ್ನಾಳಿ ಕೋಟೆ ಹಿಡಿದು ಕೂತರು. 1831ರಲ್ಲಿ ಸರ್ಕಾರದ ಪಡೆ ಲಗ್ಗೆ ಹಾಕಿ ಅದನ್ನು ಮರಳಿ ಪಡೆಯಿತು, ಸೆರೆಸಿಕ್ಕ ಅನೇಕರನ್ನು ಗಲ್ಲಿಗೇರಿಸಿತು. ಕೋಟೆಯೊಳಗೆ ಅಂದು ಇದ್ದವರ ಹೆಸರುಗಳು ಯಾವ ಶಾಸನದಲ್ಲೂ ಇಲ್ಲ. ಜೂನ್‌ನಲ್ಲಿ ನಗರದ ಕೋಟೆಯೂ ಬಿತ್ತು. ಅಕ್ಟೋಬರಿನಲ್ಲಿ ಈ ದಂಗೆಯನ್ನೇ ಕಾರಣವಾಗಿ ತೋರಿಸಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿತು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಅಂದು ಚನ್ನಗಿರಿ ಬೆಟ್ಟ ಇಳಿಯುವಾಗ ಅದೇ ಹುಡುಗ ಕೊಳದ ಬಳಿ ನಿಂತು, "ಸರ್, ಬೇಸಿಗೆಯಲ್ಲೂ ಇದರಲ್ಲಿ ನೀರು ಇರ್ತಿತ್ತಾ?" ಎಂದ. ಅವನ ಮೊದಲ ಪ್ರಶ್ನೆಗಿಂತ ಈ ಪ್ರಶ್ನೆ ನನಗೆ ಹೆಚ್ಚು ಹಿಡಿಸಿತು. ನೀವು ಆ ಬೆಟ್ಟ ಹತ್ತಿದಾಗ ಮೇ ತಿಂಗಳಲ್ಲಿ ಒಮ್ಮೆ ಹತ್ತಿ ನೋಡಿ.