ನಾದಕ್ಕೊಂದು ರೂಪ: ಆನಿಮೇಷನ್ ಚಿತ್ರಗಳಲ್ಲಿ ಶಾಸ್ತ್ರೀಯ ಸಂಗೀತ

ನಮ್ಮಲ್ಲಿ ಅನೇಕರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಮೊದಲು ಕೇಳಿದ್ದು ಸಭಾಂಗಣದಲ್ಲಲ್ಲ, ಟಿ.ವಿ.ಯ ಮುಂದೆ. ಕರಿಕೋಟು ತೊಟ್ಟ ಬೆಕ್ಕೊಂದು ಗಂಭೀರವಾಗಿ ಪಿಯಾನೊ ನುಡಿಸತೊಡಗುತ್ತದೆ. ವಾದ್ಯದೊಳಗೆ ಮಲಗಿದ್ದ ಇಲಿಯ ನಿದ್ದೆ ಕೆಡುತ್ತದೆ. ಮುಂದೆ ಕಛೇರಿಯೇ ಕಾಳಗವಾಗುತ್ತದೆ. ಆ ಸಂಗೀತ ಫ್ರಾನ್ಜ್ ಲಿಸ್ಟ್ ಅವರ ಎರಡನೆಯ 'ಹಂಗೇರಿಯನ್ ರಾಪ್ಸೊಡಿ' ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ಬಳಿಕವೂ ಅದನ್ನು ಕೇಳಿದಾಗ ಕಣ್ಣೆದುರು ನಿಲ್ಲುವವರು ಲಿಸ್ಟ್ ಅಲ್ಲ, ಟಾಮ್ ಮತ್ತು ಜೆರ್ರಿ. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ? ಈ ಪ್ರಶ್ನೆಯನ್ನಿಟ್ಟುಕೊಂಡು ಆ ಚಿತ್ರಗಳ ಚರಿತ್ರೆಯತ್ತ ಒಮ್ಮೆ ಹೊರಳಿ ನೋಡೋಣ.

ಈ ನಂಟಿನ ಬೇರು ಮೂಕಿಚಿತ್ರಗಳ ಕಾಲದಲ್ಲಿದೆ. ಅಂದಿನ ಚಿತ್ರಮಂದಿರಗಳಲ್ಲಿ ಪರದೆಯ ಬಳಿ ಕುಳಿತ ವಾದಕರು ದೃಶ್ಯಕ್ಕೆ ತಕ್ಕಂತೆ ನುಡಿಸುತ್ತಿದ್ದರು. ಬಿರುಗಾಳಿಗೆ, ಬೆನ್ನಟ್ಟುವಿಕೆಗೆ, ವಿರಹಕ್ಕೆ ಅವರು ಆರಿಸಿಕೊಳ್ಳುತ್ತಿದ್ದುದು ಹಲವೊಮ್ಮೆ ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಕೃತಿಗಳ ತುಣುಕುಗಳನ್ನು. ಕಾನ್ಸಸ್ ಸಿಟಿಯಲ್ಲಿ ಹೀಗೆ ನುಡಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್ ಅವರು ವಾಲ್ಟ್ ಡಿಸ್ನಿ ಅವರಿಗೆ ಒಂದು ಸಲಹೆ ಕೊಟ್ಟರು: ಚಿತ್ರಕ್ಕೆ ಸಂಗೀತವನ್ನು ಹೊಂದಿಸುವ ಬದಲು ಸಂಗೀತಕ್ಕೆ ಚಿತ್ರವನ್ನು ಏಕೆ ಹೊಂದಿಸಬಾರದು? 'ಸಿಲ್ಲಿ ಸಿಂಫನಿ' ಮಾಲೆ ಹುಟ್ಟಿದ್ದು ಹೀಗೆ. 1929ರ ಅದರ ಮೊದಲ ಚಿತ್ರ 'ದಿ ಸ್ಕೆಲಿಟನ್ ಡಾನ್ಸ್'ನಲ್ಲಿ ಸ್ಮಶಾನದ ಅಸ್ಥಿಪಂಜರಗಳು ಕುಣಿಯುವಾಗ ನಾರ್ವೆಯ ಎಡ್ವರ್ಡ್ ಗ್ರೀಗ್ ಅವರ ಸಂಗೀತವೂ ಕೇಳಿಬರುತ್ತದೆ.

ಶಾಸ್ತ್ರೀಯ ಸಂಗೀತವೇ ಏಕೆ ಬೇಕಾಯಿತು? ಒಂದು ಕಾರಣ ಹಣ. ಹಳೆಯ ಕೃತಿಗಳಿಗೆ ಹಕ್ಕುಸ್ವಾಮ್ಯದ ಶುಲ್ಕವಿರಲಿಲ್ಲ. ಇನ್ನೊಂದು ಕಾರಣ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಹನ್ನೆರಡು ಚೌಕಟ್ಟಿಗೊಂದು ತಾಳದ ಪೆಟ್ಟು ಬಿದ್ದರೆ ನಿಮಿಷಕ್ಕೆ 120 ಪೆಟ್ಟು. ಎಂಟಕ್ಕೊಂದು ಬಿದ್ದರೆ 180. ಸ್ವರಲಿಪಿ ಮೊದಲೇ ಕೈಯಲ್ಲಿದ್ದರೆ ಯಾವ ಸ್ವರಕ್ಕೆ ಇಲಿ ಜಿಗಿಯಬೇಕು, ಯಾವುದಕ್ಕೆ ಬೆಕ್ಕು ಬೀಳಬೇಕು ಎಂಬುದನ್ನು ಚಿತ್ರಕಾರರು ಗೆರೆ ಎಳೆಯುವ ಮುನ್ನವೇ ಎಣಿಸಿಕೊಳ್ಳಬಹುದಾಗಿತ್ತು.

ಈ ಲೆಕ್ಕಾಚಾರವನ್ನು ಕಲೆಯ ಮಹತ್ವಾಕಾಂಕ್ಷೆಯಾಗಿ ಬೆಳೆಸಿದ ಚಿತ್ರ 'ಫ್ಯಾಂಟೇಸಿಯಾ'. ಪಾಲ್ ದ್ಯುಕಾ ಅವರು 1897ರಲ್ಲಿ ರಚಿಸಿದ, ಮಾಂತ್ರಿಕನ ಶಿಷ್ಯನ ಕಥೆಯ ಕೃತಿಗೆ ಮಿಕ್ಕಿ ಮೌಸ್‌ನ ಕಿರುಚಿತ್ರವೊಂದನ್ನು ಮಾಡಹೊರಟ ಡಿಸ್ನಿ, ವೆಚ್ಚ ಕೈಮೀರಿದಾಗ ಅದನ್ನೇ ಪೂರ್ಣಪ್ರಮಾಣದ ಚಿತ್ರದ ಒಂದು ಭಾಗವಾಗಿಸಿದರು. ಲಿಯೊಪೋಲ್ಡ್ ಸ್ಟೊಕೋವ್‌ಸ್ಕಿ ಅವರ ನಿರ್ದೇಶನದಲ್ಲಿ, ಬಹುಪಾಲು ಫಿಲಡೆಲ್ಫಿಯಾ ವಾದ್ಯವೃಂದದಿಂದ, ಬಾಕ್‌ನಿಂದ ಸ್ಟ್ರಾವಿನ್‌ಸ್ಕಿಯವರೆಗಿನ ಸಂಗೀತವನ್ನು ಮುದ್ರಿಸಲಾಯಿತು. ಹಲವು ಧ್ವನಿವರ್ಧಕಗಳಿಂದ ನಾದ ಸುತ್ತುವರಿಯುವಂತೆ 'ಫ್ಯಾಂಟಸೌಂಡ್' ಎಂಬ ಹೊಸ ವ್ಯವಸ್ಥೆಯೂ ಸಿದ್ಧವಾಯಿತು. 1940ರ ನವೆಂಬರ್ 13ರಂದು ನ್ಯೂಯಾರ್ಕಿನಲ್ಲಿ ಚಿತ್ರ ತೆರೆಕಂಡಿತು. ಆದರೆ ಆ ಉಪಕರಣಗಳನ್ನು ಕೆಲವೇ ನಗರಗಳಲ್ಲಿ ಅಳವಡಿಸಲು ಸಾಧ್ಯವಾಯಿತು. ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು. ಹಾಕಿದ ಹಣ ಆಗ ಮರಳಲಿಲ್ಲ.

ಹಣಕ್ಕಿಂತ ಆಳವಾದ ತಕರಾರು ಬೇರೆಯೇ ಇತ್ತು. ಆ ಚಿತ್ರದ ರಚನಕಾರರಲ್ಲಿ ಆಗ ಬದುಕಿದ್ದವರು ಇಗೋರ್ ಸ್ಟ್ರಾವಿನ್‌ಸ್ಕಿ ಒಬ್ಬರೇ. 1913ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದ ಅವರ 'ದಿ ರೈಟ್ ಆಫ್ ಸ್ಪ್ರಿಂಗ್' ಪ್ರಾಚೀನ ರಷ್ಯಾದ ಬಲಿಯ ಕಥೆ. ಆಯ್ಕೆಯಾದ ಕನ್ಯೆ ಕುಣಿಯುತ್ತಲೇ ಪ್ರಾಣ ಬಿಡುತ್ತಾಳೆ. ಡಿಸ್ನಿಯ ಕಲಾವಿದರು ಅದನ್ನು ಭೂಮಿಯ ಹುಟ್ಟಿನ, ಡೈನೊಸಾರ್‌ಗಳ ಅಳಿವಿನ ಕಥೆಯಾಗಿಸಿದರು. ಸಂಗೀತದ ಭಾಗಗಳನ್ನು ಕತ್ತರಿಸಿ ಹಿಂದುಮುಂದಾಗಿಸಿದರು. ರಚನಕಾರರು ಮೆಚ್ಚಿದ್ದರೆಂದು ಡಿಸ್ನಿ ಹೇಳುತ್ತಿದ್ದರು. ಸ್ಟ್ರಾವಿನ್‌ಸ್ಕಿ 1960ರಲ್ಲಿ ಅದನ್ನು ಖಡಾಖಂಡಿತವಾಗಿ ಅಲ್ಲಗಳೆದರು. ಅಮೆರಿಕದಲ್ಲಿ ಆ ಕೃತಿಗೆ ಹಕ್ಕುರಕ್ಷಣೆಯಿಲ್ಲದ ಕಾರಣ ಒಪ್ಪದಿದ್ದರೂ ಬಳಸಲಾಗುವುದೆಂದು ತಮಗೆ ತಿಳಿಸಲಾಗಿತ್ತು ಎಂಬುದು ಅವರ ದೂರು. ಅದೇ ಚಿತ್ರದ ಬಾಕ್ ಭಾಗಕ್ಕೆ ಶುದ್ಧ ಆಕಾರಗಳ ಚಲನೆಯನ್ನು ಕಲ್ಪಿಸಿದ್ದ ಜರ್ಮನ್ ಕಲಾವಿದ ಆಸ್ಕರ್ ಫಿಶಿಂಗರ್, ತಮ್ಮ ವಿನ್ಯಾಸಗಳನ್ನು ಬದಲಿಸಿದ್ದರಿಂದ ನೊಂದು ಹೊರನಡೆದರು. ಒಬ್ಬರಿಗೆ ತಮ್ಮ ನಾದದ ಮೇಲೆ ಅನ್ಯರ ಕಥೆ ಹೇರಿದ ನೋವು. ಇನ್ನೊಬ್ಬರಿಗೆ ಕಥೆಯ ಹಂಗಿಲ್ಲದ ರೂಪವನ್ನು ಉಳಿಯಗೊಡದ ನೋವು.

ಅತ್ತ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ಗಾಂಭೀರ್ಯದ ಹಂಬಲವೇ ಇರಲಿಲ್ಲ. ಸ್ಟಾಲಿಂಗ್ 1936ರಲ್ಲಿ ಅಲ್ಲಿಗೆ ಸೇರಿದ್ದರು. ಅಲ್ಲಿ ಶಾಸ್ತ್ರೀಯ ಸಂಗೀತವೆಂದರೆ ದೊಡ್ಡವರ ಡೌಲು. ಅದನ್ನು ಕೆಣಕುವುದೇ ಮೊಲದ ಕೆಲಸ. ಲಿಸ್ಟ್ ಅವರ ಅದೇ ಕೃತಿಯನ್ನು ಆಧರಿಸಿ 1946ರಲ್ಲಿ ವಾರ್ನರ್‌ನವರ 'ರಾಪ್ಸೊಡಿ ರ‍್ಯಾಬಿಟ್' ಬಂದಿತು. ಅದರ ಬೆನ್ನಿಗೇ ಎಂ.ಜಿ.ಎಂ.ನ 'ದಿ ಕ್ಯಾಟ್ ಕನ್ಸರ್ಟೊ' ಬಂದು ಆಸ್ಕರ್ ಗೆದ್ದಿತು. ಎರಡೂ ಕಡೆಯವರು ಪರಸ್ಪರ ಕಳ್ಳತನದ ಆರೋಪ ಹೊರಿಸಿದರು. ಲಿಸ್ಟ್ ಅವರನ್ನು ಮಾತ್ರ ಯಾರೂ ಕೇಳಬೇಕಾಗಿರಲಿಲ್ಲ! 1957ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ 'ವಾಟ್ಸ್ ಆಪೆರಾ, ಡಾಕ್?' ವಾಗ್ನರ್ ಅವರ ಗೀತನಾಟಕಗಳ ಲೋಕವನ್ನು ಏಳು ನಿಮಿಷಗಳಿಗೆ ಇಳಿಸಿತು. ಅದು ಅಣಕವೇ ಸರಿ, ಆದರೆ ಮೂಲವನ್ನು ಚೆನ್ನಾಗಿ ಬಲ್ಲವರು ಮಾಡಿದ ಅಣಕ. ಕೊನೆಯಲ್ಲಿ ಬೇಟೆಗಾರ ಸತ್ತ ಮೊಲವನ್ನೆತ್ತಿಕೊಂಡು ನಡೆಯುವಾಗ ನಗು ಒಂದು ಕ್ಷಣ ಗಂಟಲಲ್ಲೇ ನಿಲ್ಲುತ್ತದೆ. ಗಾಂಭೀರ್ಯವನ್ನೇ ಗುರಿಯಾಗಿಸಿಕೊಂಡ 'ಫ್ಯಾಂಟೇಸಿಯಾ' ಕೆಲವೆಡೆ ತಲುಪದ ತಾಣವನ್ನು ಈ ತಮಾಷೆ ತಲುಪಿತೆಂದು ನಮಗನಿಸುತ್ತದೆ.

ಇಷ್ಟಕ್ಕೂ ನಾದಕ್ಕೆ ರೂಪ ಕೊಡುವ ಹಂಬಲ ಹಾಲಿವುಡ್ಡಿನ ಸೊತ್ತಲ್ಲ. ನಮ್ಮ ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ರಚಿಸಿದ. ರಾಗಗಳ ಹೆಸರಿನಡಿ ಜೋಡಿಸಿದ ಆ ಹಾಡುಗಳಲ್ಲಿ ಕೆಲವು ರಾಗವನ್ನೇ ಮೈವೆತ್ತ ವ್ಯಕ್ತಿಯಾಗಿ ಬಣ್ಣಿಸುತ್ತವೆ. ದಖನ್ನಿನಲ್ಲೂ ರಾಜಸ್ಥಾನದಲ್ಲೂ ರಾಗಮಾಲಾ ಚಿತ್ರಗಳು ಬರೆಯಲ್ಪಟ್ಟವು. ಆದರೆ ಒಂದು ಅಂತರವಿದೆ. ರಾಗಮಾಲೆ ಚಿತ್ರಿಸಿದ್ದು ರಾಗವನ್ನು, ಕಛೇರಿಯನ್ನಲ್ಲ. ತೋಡಿಯ ಚಿತ್ರದಲ್ಲಿ ವೀಣೆ ಹಿಡಿದ ಹೆಣ್ಣಿನ ಸುತ್ತ ಜಿಂಕೆಗಳು ನೆರೆದಿರಬಹುದು. ಹಾಡುವವರು ಮಾತ್ರ ಪ್ರತಿ ಬಾರಿಯೂ ಹೊಸ ದಾರಿ ಹಿಡಿಯುತ್ತಾರೆ. ಚಿತ್ರ ನಿಂತಿರುತ್ತದೆ, ರಾಗ ನಡೆಯುತ್ತಿರುತ್ತದೆ. ಆನಿಮೇಷನ್ನಿನಲ್ಲಾದರೋ ಒಂದು ಮುದ್ರಣದ ಒಂದೊಂದು ಸ್ವರಕ್ಕೂ ಒಂದೊಂದು ಚಿತ್ರ ಅಂಟಿಕೊಳ್ಳುತ್ತದೆ.

ಆ ಅಂಟು ಬಿಡಿಸಲಾರದಷ್ಟು ಗಟ್ಟಿಯೇ? ಇಟಲಿಯ ಬ್ರೂನೊ ಬೊಜೆಟ್ಟೊ 1976ರ 'ಅಲೆಗ್ರೊ ನಾನ್ ಟ್ರೊಪ್ಪೊ'ದಲ್ಲಿ 'ಫ್ಯಾಂಟೇಸಿಯಾ'ವನ್ನೇ ಗೇಲಿ ಮಾಡುತ್ತ ಅಲ್ಲೊಂದು ಉತ್ತರವಿತ್ತಿದ್ದಾರೆ. ಸಿಬೇಲಿಯಸ್ ಅವರ 'ವಾಲ್ಸ್ ತ್ರಿಸ್ತ್' ನುಡಿಯುವಾಗ ಪಾಳುಬಿದ್ದ ಮನೆಯಲ್ಲಿ ಬೆಕ್ಕೊಂದು ಅಲೆಯುತ್ತದೆ. ಹಿಂದೆ ಅಲ್ಲಿದ್ದವರ ನೆರಳುಗಳು ಮೂಡಿ ಮರೆಯಾಗುತ್ತವೆ. ಊರ ಮನೆಗೆ ಬೀಗ ಹಾಕಿ ಮುಂಬಯಿಗೋ ದೆಹಲಿಗೋ ಬಂದು ನೆಲೆಸಿದ ನಮ್ಮಂಥವರಿಗೆ ಆ ಬೆಕ್ಕಿನ ಅಲೆದಾಟವನ್ನು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಚಿತ್ರವು ಸಂಗೀತವನ್ನು ಕಟ್ಟಿಹಾಕುವುದಿಲ್ಲ. ನಮ್ಮ ನೆನಪುಗಳಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತದೆ.

ಆದ್ದರಿಂದ ಬೆಕ್ಕು ಇಲಿಗಳ ಮೂಲಕ ಲಿಸ್ಟ್ ನಮ್ಮ ಮನೆಗೆ ಬಂದದ್ದಕ್ಕೆ ನಾವು ನಾಚಬೇಕಾಗಿಲ್ಲ. ಬಾಗಿಲು ಯಾವುದಾದರೇನು, ಒಳಗೆ ಬಂದದ್ದು ಸಂಗೀತವೇ. ಆದರೆ ಬಾಗಿಲಲ್ಲೇ ನಿಂತುಬಿಟ್ಟರೆ ಮಾತ್ರ ಸ್ಟ್ರಾವಿನ್‌ಸ್ಕಿ ಅವರ ಮುನಿಸು ನ್ಯಾಯವಾದೀತು. ಚಿತ್ರವನ್ನು ಕಂಡವರು ಒಮ್ಮೆ ಕಣ್ಣು ಮುಚ್ಚಿ ಆ ಕೃತಿಯನ್ನು ಕೇಳಲಿ. ಡೈನೊಸಾರ್‌ಗಳು ಮೊದಲು ಬಂದೇ ಬರುತ್ತವೆ. ತಾಳ್ಮೆಯಿಂದ ಕೇಳುತ್ತ ಹೋದರೆ ಅವೂ ಮೆಲ್ಲನೆ ಸರಿದು ನಾದಕ್ಕೆ ದಾರಿ ಬಿಡುತ್ತವೆ.